ಬಸ್ ನಿಲ್ದಾಣವೆಂಬ ವಿಳಾಸ: ‘ಅಕ್ಕರಮಾಶಿ’ಯಲ್ಲಿ ಮನೆಯ ಪ್ರಶ್ನೆ

ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ ಮರಾಠಿಯಲ್ಲಿ ಪ್ರಕಟವಾದುದು 1984ರಲ್ಲಿ. ಲೇಖಕರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹನ್ನೆರಡು ಮಾಸ ತೂಗಿದರೆ ಒಂದು ತೊಲ. ಹನ್ನೊಂದೇ ತೂಗುವುದು ಅಕ್ಕರಮಾಶಿ, ಅಂದರೆ ಅಪೂರ್ಣ, ಬೆರಕೆ. ಶೀರ್ಷಿಕೆಯೇ ಹೀಗೆ ಹುಟ್ಟಿನ ಶುದ್ಧಿ ಅಶುದ್ಧಿಗಳ ಕಡೆಗೆ ಬೆರಳು ಮಾಡುವುದರಿಂದ, ಕೃತಿಯನ್ನು ಕುರಿತ ಚರ್ಚೆಯೂ ಬಹುಮಟ್ಟಿಗೆ ರಕ್ತ, ಕುಲ ಮತ್ತು ಅಸ್ಮಿತೆಗಳ ಸುತ್ತಲೇ ಸುತ್ತಿದೆ. ಅದೇ ಪುಟಗಳಲ್ಲಿ ಇನ್ನೊಂದು ಪ್ರಶ್ನೆ ಅಷ್ಟೇ ಹಠದಿಂದ ಮರಳಿ ಬರುತ್ತದೆ: ಈ ಹುಡುಗ ರಾತ್ರಿ ಮಲಗುವುದೆಲ್ಲಿ?

ಕೃತಿಯ ನೆಲ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕು. ಲೇಖಕರು ಹುಟ್ಟಿದ್ದು ಅಲ್ಲಿಯ ಹನ್ನೂರಿನಲ್ಲಿ. ತಾಯಿ ಮಸಾಮಾಯಿ ಮಹಾರ ಸಮುದಾಯದವಳು; ತಂದೆ ಹಣಮಂತ ಲಿಂಬಾಳೆ ಲಿಂಗಾಯತ ಪಾಟೀಲ. ಹಣಮಂತ, ಸಿದ್ರಾಮಪ್ಪ ಎಂಬ ಹೆಸರುಗಳು ಗಡಿಯ ಈಚೆಗೂ ಆಚೆಗೂ ಒಂದೇ ದನಿಯಲ್ಲಿ ಕೇಳಿಸುವ ಈ ಸೀಮೆಯ ಕನ್ನಡ ಓದುಗರು ಇದನ್ನು ನೆರೆಯ ಭಾಷೆಯವರ ಸಂಕಟವೆಂದು ಬದಿಗಿಡುವಂತಿಲ್ಲ. ಬಾಗಿಲು ಮುಚ್ಚಿದ ವಾಡೆ ಇಲ್ಲಿಯದೇ.

ಅಜ್ಜಿ ಸಂತಾಮಾಯಿಯೊಡನೆ ಬಾಳುತ್ತಿದ್ದ ದಾದಾ, ಮಹಮೂದ್ ದಸ್ತಗೀರ್ ಜಮಾದಾರ, ಬಸ್ ನಿಲ್ದಾಣದಲ್ಲಿ ಹಮಾಲಿ ಮಾಡುತ್ತಿದ್ದವನು. ಆ ನಿಲ್ದಾಣವೇ ಅವರಿಗೆ ಇರುಳಿನ ಆಸರೆ. ಕೃತಿಯ ಅತ್ಯಂತ ಬಲವಾದ ಭಾಗ ಇದು. ಲಿಂಬಾಳೆ ಇಲ್ಲಿ ಗೋಳಾಡುವುದಿಲ್ಲ. ನಿಲ್ದಾಣ ಎಲ್ಲರದ್ದು, ಆದ್ದರಿಂದಲೇ ಅದು ಯಾರ ಮನೆಯೂ ಅಲ್ಲ. ಅಲ್ಲಿ ಮಲಗಿದವನನ್ನು ಯಾರು ಬೇಕಾದರೂ ಎಬ್ಬಿಸಬಹುದು, ಯಾರು ಬೇಕಾದರೂ ನೋಡಬಹುದು. ಸೂರು ಇದೆ, ಕದವಿಲ್ಲ. ಬೆಳೆಯುವ ಹುಡುಗನಿಗೆ ಮಳೆಗಿಂತ ಹೆಚ್ಚಾಗಿ ಈ ಕದವಿಲ್ಲದಿರುವಿಕೆ ಕಾಡುತ್ತದೆ. ಹಿಂದೂ ಅಲ್ಲದ, ರಕ್ತಸಂಬಂಧಿಯೂ ಅಲ್ಲದ ದಾದಾ ಆ ತೆರೆದ ಜಾಗದಲ್ಲಿ ಮನೆಯೆಂಬುದಕ್ಕೆ ತೀರ ಹತ್ತಿರವಾದುದೊಂದನ್ನು ಕಟ್ಟಿಕೊಟ್ಟನೆಂಬುದು, ಕುಲದ ತಕ್ಕಡಿ ಹಿಡಿದು ಓದುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ಈ ಎರಡು ಕೊರತೆಗಳು ಒಂದಾಗುತ್ತವೆ. ‘ಯಾರ ಮಗ’ ಎಂಬುದಕ್ಕೂ ‘ಯಾರ ಮನೆಯವನು’ ಎಂಬುದಕ್ಕೂ ನಮ್ಮ ಹಳ್ಳಿಗಳ ಮಾತಿನಲ್ಲಿ ಹೆಚ್ಚಿನ ಅಂತರವಿಲ್ಲ. ಹೆಸರನ್ನು ಕೊಟ್ಟ ತಂದೆ ಮನೆಯನ್ನು ಕೊಡಲಿಲ್ಲ. ಅಡ್ಡಹೆಸರೊಂದು ಬಾಡಿಗೆಗೆ ಸಿಕ್ಕಂತೆ ಹುಡುಗನ ಬೆನ್ನಿಗಂಟಿತು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಇದರ ಪಕ್ಕದಲ್ಲಿಟ್ಟರೆ ಒಂದು ಭೇದ ಹೊಳೆಯುತ್ತದೆ. ಅದರ ಶೀರ್ಷಿಕೆ ಒಂದು ಜಾಗವನ್ನು ಹೆಸರಿಸುತ್ತದೆ. ಕೇರಿ ಅವಮಾನದ ನೆಲೆಯಾದರೂ ನೆಲೆಯೇ. ಅಲ್ಲಿಂದ ಹೊರಟವನು ಜೊತೆಗಾರರ ನಡುವೆ ನಗುತ್ತ ಕಥೆ ಹೇಳಬಲ್ಲ. ‘ಅಕ್ಕರಮಾಶಿ’ಯ ಶೀರ್ಷಿಕೆ ತೂಕವನ್ನು ಹೆಸರಿಸುತ್ತದೆ, ಜಾಗವನ್ನಲ್ಲ. ಕೇರಿಯೂ ಪೂರ್ತಿ ತನ್ನದೆನ್ನಲಾಗದವನ ಗದ್ಯದಲ್ಲಿ ನಗೆಗೆ ಎಡೆ ಕಡಿಮೆ.

ಕೃತಿ ಬಂದ ಮರುವರ್ಷ, 1985ರಲ್ಲಿ, ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನೊಳಗೆ ಜೀವನೋಪಾಯವೂ ಸೇರಿದೆ ಎಂದಿತು. ಆದರೆ ಮಳೆಗಾಲದ ನಂತರ ಜೋಪಡಿಗಳ ತೆರವಿಗೆ ಅವಕಾಶವನ್ನೂ ಕೊಟ್ಟಿತು. 1990ರ ಶಾಂತಿಸ್ಟಾರ್ ಬಿಲ್ಡರ್ಸ್ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟು, ಮಗುವಿನ ಪೂರ್ಣ ಬೆಳವಣಿಗೆ ತಕ್ಕ ಮನೆಯಿದ್ದರೆ ಮಾತ್ರ ಸಾಧ್ಯವೆಂದು ಕಂಡಿತು. ಸಾಕಷ್ಟು ವಸತಿ ಎಂದರೆ ಬರಿಯ ಸೂರಲ್ಲ, ಮೊದಲು ಬೇಕಾದುದು ಒಕ್ಕಲೆಬ್ಬಿಸಲಾರದ ಭದ್ರತೆ ಎಂದು ವಿಶ್ವಸಂಸ್ಥೆಯ ಸಮಿತಿಯೊಂದು ವಿವರಿಸಿದ್ದು 1991ರಲ್ಲಿ. ನ್ಯಾಯಶಾಸ್ತ್ರ ತಡವಾಗಿ ತಲುಪಿದ ಈ ಮಾತನ್ನು ನಿಲ್ದಾಣದ ಹುಡುಗ ಆಗಲೇ ಬರೆದಾಗಿತ್ತು.

ಹುಡುಗ ಯುವಕನಾದ ಮೇಲೂ ಪ್ರಶ್ನೆ ತೀರುವುದಿಲ್ಲ. ಓದಾಯಿತು, ಟೆಲಿಫೋನ್ ಆಪರೇಟರ್ ಹುದ್ದೆ ಸಿಕ್ಕಿತು, ಮದುವೆಯಾಯಿತು. ಲಾತೂರಿನಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ ಕೈಯಲ್ಲಿರುವ ಸಂಬಳಕ್ಕಿಂತ ಮೊದಲು ಜಾತಿಯ ವಿಚಾರಣೆ ನಡೆಯುತ್ತದೆ. ವಸತಿಯ ಹಕ್ಕನ್ನು ಬಡತನದ ಲೆಕ್ಕದಲ್ಲಷ್ಟೇ ಕಾಣುವವರು ಇಲ್ಲಿ ನಿಂತು ಯೋಚಿಸಬೇಕು. ಮಕ್ಕಳ ಹಕ್ಕಿನ ಒಡಂಬಡಿಕೆ ಹದಿನೆಂಟಕ್ಕೆ ಮುಗಿಯುತ್ತದೆ, ವಿದ್ಯಾರ್ಥಿನಿಲಯ ಪದವಿಗೆ ಮುಗಿಯುತ್ತದೆ. ಆಮೇಲೆ ಯುವಕನ ಎದುರಿಗಿರುವುದು ಮನೆಯೊಡೆಯನ ಮರ್ಜಿ ಮಾತ್ರ. ಈ ವಿಷಯದಲ್ಲಿ ನ್ಯಾಯಾಲಯದ ನಿಲುವೂ ಧೈರ್ಯ ತುಂಬುವಂತಿಲ್ಲ: 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಗೃಹನಿರ್ಮಾಣ ಸಹಕಾರಿ ಸಂಘವು ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಟ್ಟ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದು ಅಲ್ಪಸಂಖ್ಯಾತ ಸಮುದಾಯವೊಂದರ ಸಂಘ ನಿಜ. ಆದರೆ ಅದೇ ತರ್ಕ ಬಲಿಷ್ಠರ ಕೈಗೆ ಸಿಕ್ಕರೆ ಲಾತೂರಿನ ಪ್ರತಿ ಬೀದಿಗೂ ಒಂದು ನಿಯಮಾವಳಿ ಒದಗೀತು.

ಕೃತಿಯ ಮಿತಿಯೊಂದನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಕದವಿಲ್ಲದ ರಾತ್ರಿಯ ಅರ್ಥ ಬೇರೆ. ಮಸಾಮಾಯಿ ಒಬ್ಬ ಪಾಟೀಲನಿಂದ ಇನ್ನೊಬ್ಬ ಪಾಟೀಲನ ಆಶ್ರಯಕ್ಕೆ ಸಾಗಿದ್ದನ್ನು ಮಗ ನೋವಿನಿಂದ, ಕೆಲವೊಮ್ಮೆ ಕಠಿಣವಾಗಿಯೂ ನೋಡುತ್ತಾನೆ. ಆ ಸಾಗುವಿಕೆಯಲ್ಲಿ ಇದ್ದುದು ನೆಲೆಯೊಂದರ ಹುಡುಕಾಟ, ದೇಹವನ್ನೇ ಬಾಡಿಗೆಯಾಗಿ ತೆತ್ತು ಪಡೆದ ವಸತಿ, ಎಂಬುದು ಪುಟಗಳ ನಡುವೆ ಇದೆ. ಆದರೆ ಅದನ್ನು ಓದುಗನೇ ಹೆಕ್ಕಿಕೊಳ್ಳಬೇಕು. ತಂಗಿಯರ ಇರುಳುಗಳು ನಮಗೆ ಕಾಣುವುದು ಅಣ್ಣನ ಕಣ್ಣಿನಿಂದಲೇ.