ಅತಿಥಿಗಳ ಹಿಂದೆ ಕೂತವರು

ಅಮೆರಿಕ, ಇಂಗ್ಲೆಂಡುಗಳಲ್ಲಿ ಸಣ್ಣ ಊರಿಗೂ ಒಂದು ಹವ್ಯಾಸಿ ಆರ್ಕೆಸ್ಟ್ರಾ ಇರುವುದುಂಟು. ಡಾಕ್ಟರು, ಮೇಷ್ಟ್ರು, ನಿವೃತ್ತ ನೌಕರರು ವಾರಕ್ಕೊಂದು ಸಂಜೆ ಸೇರಿ ತಾಲೀಮು ಮಾಡುತ್ತಾರೆ. ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಬಂತೆಂದರೆ ಹೆಸರಾಂತ ತಂತಿವಾದಕರಿಬ್ಬರನ್ನು ಕರೆಸುತ್ತಾರೆ. ನಮ್ಮ ನಾಟಕ ತಂಡ ವಾರ್ಷಿಕೋತ್ಸವಕ್ಕೆ ಸಿನಿಮಾ ನಟನನ್ನು ಕರೆತಂದ ಹಾಗೆ: ಟಿಕೆಟ್ಟೇನೋ ಖರ್ಚಾಗುತ್ತದೆ, ನಾಟಕ ಮಾತ್ರ ಅವನದಾಗಿಬಿಡುತ್ತದೆ. ಹಾಗಾಗದಂತೆ ತಡೆಯಲು ಸಾಧ್ಯವಿರುವುದು ಕೃತಿಯನ್ನು ಆರಿಸುವಾಗ.

ಇಂಥ ಸಂಜೆಗೆ ಥಟ್ಟನೆ ನೆನಪಾಗುವುದು ಪಿಟೀಲು, ಚೆಲ್ಲೊಗಳಿಗಾಗಿ ಬ್ರಾಮ್ಸ್ 1887ರಲ್ಲಿ ಬರೆದ ಡಬಲ್ ಕನ್ಚರ್ಟೊ. ಮುನಿಸಿಕೊಂಡಿದ್ದ ಗೆಳೆಯ, ಪಿಟೀಲುವಾದಕ ಯೋಆಕಿಮ್ ಜೊತೆ ರಾಜಿಯಾಗಲು ಬರೆದದ್ದೆಂಬ ಕಥೆಯೂ ಇರುವುದರಿಂದ ಕಾರ್ಯಕ್ರಮದ ಪುಸ್ತಿಕೆ ತುಂಬಿಸುವುದು ಸಲೀಸು. ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಆರ್ಕೆಸ್ಟ್ರಾ ನಾಲ್ಕು ಬಾರ್ ನುಡಿಸುವಷ್ಟರಲ್ಲಿ ಚೆಲ್ಲೊ ಒಂಟಿಯಾಗಿ ಮಾತಿಗಿಳಿಯುತ್ತದೆ. ಹಬ್ಬ ಯಾರದೋ ಅವರು ವಾದ್ಯ ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕೂರಬೇಕು.

ನನ್ನ ಮತ ಮೊಜಾರ್ಟ್‌ಗೆ. ಪಿಟೀಲು, ವಯೋಲಾಗಳಿಗಾಗಿ ಅವನು 1779ರಲ್ಲಿ ಬರೆದ ಸಿನ್ಫೋನಿಯಾ ಕನ್ಚೆರ್ಟಾಂಟೆಯಲ್ಲಿ ಮೊದಲ ಮಾತು ಆರ್ಕೆಸ್ಟ್ರಾದ್ದೇ, ಅದೂ ಬಹಳ ಹೊತ್ತು. ಆ ನಾದ ಏರಿ, ಇಳಿಯತೊಡಗಿದಾಗ ಅದರೊಳಗಿಂದಲೇ ಅತಿಥಿಗಳಿಬ್ಬರ ನೀಳವಾದ ಒಂದು ಸ್ವರ, ಒಂದು ಸ್ಥಾಯಿಯ ಅಂತರದಲ್ಲಿ, ತೇಲಿಬರುತ್ತದೆ. ಎಲ್ಲಿ ಶುರುವಾಯಿತೆಂದೇ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಯಾರೂ ಲೆಕ್ಕಕ್ಕಿಡದ ಆರ್ಕೆಸ್ಟ್ರಾದ ವಯೋಲಾ ಸಾಲನ್ನೂ ಎರಡಾಗಿ ಒಡೆದು, ಬೇರೆ ಬೇರೆ ಕೆಲಸ ಕೊಟ್ಟಿದ್ದಾನೆ.

ಅತಿಥಿ ವಯೋಲಾದ ತಂತಿಗಳನ್ನು ಅರ್ಧ ಸ್ವರ ಏರಿಸಿ ಶ್ರುತಿ ಮಾಡಿಕೊಳ್ಳಬೇಕೆಂಬುದು ಮೊಜಾರ್ಟ್‌ನ ಸೂಚನೆ. ಬಿಗಿದ ತಂತಿಯ ನಾದಕ್ಕೆ ಹೊಳಪು ಹೆಚ್ಚು. ಪಿಟೀಲಿನ ಪಕ್ಕದಲ್ಲಿ ಅದು ಮಂಕಾಗುವುದಿಲ್ಲ. ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಮೈಸೂರು ಚೌಡಯ್ಯನವರಿಗೆ ಈ ಲೆಕ್ಕಾಚಾರ ಹೊಸದೆನಿಸುತ್ತಿರಲಿಲ್ಲ. ಈಗ ಬಹುತೇಕರು ಮಾಮೂಲಿ ಶ್ರುತಿಯಲ್ಲೇ ನುಡಿಸುತ್ತಾರೆ. ಹವ್ಯಾಸಿಗಳ ಜೊತೆಯಲ್ಲಾದರೂ ಹಳೆಯ ಕ್ರಮವೇ ವಾಸಿ. ಅವರಿಗೆ ಜೋರಾಗಿ ನುಡಿಸುವುದಕ್ಕಿಂತ ಮೆಲ್ಲಗೆ ನುಡಿಸುವುದು ಕಷ್ಟ, ವಯೋಲಾ ಮುಳುಗುವುದು ಅಲ್ಲೇ.

ಅಪಾಯವೂ ಇದೆ. ನಿಧಾನಗತಿಯ ಎರಡನೆಯ ಭಾಗದಲ್ಲಿ ಹಿಮ್ಮೇಳ ಎಷ್ಟು ತೆಳು ಎಂದರೆ, ಹಿಂದಿನ ಸಾಲಿನ ಒಬ್ಬರ ಬೆರಳು ಕೂದಲೆಳೆಯಷ್ಟು ಜಾರಿದರೂ ಸಭೆಗೆಲ್ಲ ತಿಳಿಯುತ್ತದೆ. ಬ್ರಾಮ್ಸ್‌ನ ದಟ್ಟ ನಾದದಲ್ಲಿ ಇಂಥದ್ದು ಅಷ್ಟಿಷ್ಟು ಮುಚ್ಚಿಹೋದೀತು. ಆದರೂ ಈ ಪರೀಕ್ಷೆಗೆ ಕೂರುವುದೇ ಮೇಲು ಎನ್ನುತ್ತೇನೆ, ಅತಿಥಿಗಳು ಕೊನೆಯ ತಾಲೀಮಿಗೆ ಮಾತ್ರ ಬಂದಿಳಿಯದೆ ವಾರದ ಸಂಜೆಗಳಿಗೂ ಒಂದೆರಡು ಸಲ ಬರುವುದಾದರೆ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ತಂತಿವಾದ್ಯಗಳನ್ನು ಬಿಟ್ಟರೆ ಮೊಜಾರ್ಟ್ ಕೇಳುವುದು ಎರಡು ಓಬೊ, ಎರಡು ಹಾರ್ನ್ ಅಷ್ಟೇ. ವರ್ಷವಿಡೀ ತಪ್ಪದೆ ಬಂದ ಕೊಳಲು, ಕ್ಲಾರಿನೆಟ್, ಟ್ರಂಪೆಟ್‌ನವರು ಹಬ್ಬದ ದಿನ ಪರದೆಯ ಹಿಂದೆ ನಿಲ್ಲಬೇಕೆ? ಬ್ರಾಮ್ಸ್ ಇವರನ್ನೆಲ್ಲ ಕೂರಿಸಿಕೊಳ್ಳುತ್ತಾನೆ. ಟ್ರಾಂಬೋನಿಗೆ ಅವನಲ್ಲೂ ಜಾಗವಿಲ್ಲ. ಹಾಗಾಗಿ ವಿರಾಮದ ನಂತರ ದ್ವೋರ್ಝಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯಂಥದ್ದು ಇರಲೇಬೇಕು. ಟ್ಯೂಬಾದವರಿಗೆ ಅದರಲ್ಲೂ ಎರಡನೆಯ ಭಾಗದ ಒಂದಿಷ್ಟು ಸ್ವರಗಳಷ್ಟೇ. ಅವರಿಗಾಗಿ ಎನ್‌ಕೋರ್‌ನಲ್ಲಿ ಏನಾದರೂ ಹುಡುಕಬೇಕು.