ಅತಿಥಿಗಳ ಷರಾ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳ ಬಗ್ಗೆ ಈಗ ಅತಿ ಹೆಚ್ಚು ಬರೆಯುತ್ತಿರುವವರು ಯಾರು ಎಂದು ಕೇಳಿದರೆ, ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಒಂದೆರಡು ಕಥೆಗಾರರ ಹೆಸರು ಹೇಳಿ ಸುಮ್ಮನಾಗುತ್ತೇವೆ. ನನ್ನ ಅಂದಾಜು ಬೇರೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಎರಡು ದಿನ ಹೋಮ್‌ಸ್ಟೇಯಲ್ಲಿ ಉಳಿದು, ಹೊರಡುವ ಹೊತ್ತಿಗೆ ಅತಿಥಿ ಪುಸ್ತಕದಲ್ಲಿ ಅರ್ಧ ಪುಟವನ್ನೋ, ಮನೆ ಸೇರಿದ ಮೇಲೆ ಮೊಬೈಲಿನಲ್ಲಿ ನಾಲ್ಕು ಸಾಲನ್ನೋ ಬರೆಯುವವರೇ ಇವತ್ತು ಮಲೆನಾಡಿನ ದೊಡ್ಡ ಲೇಖಕವರ್ಗ. ಇವರ ಬರವಣಿಗೆಯನ್ನು ಓದುವವರೂ ಕಡಿಮೆಯಿಲ್ಲ. ಮುಂದಿನ ವಾರ ಹೊರಡುವವರೆಲ್ಲ ಮೊದಲು ಓದುವುದು ಇದನ್ನೇ.

ಮಲೆನಾಡಿನ ಕಥನದ ಬಗ್ಗೆ ಪಿಎಚ್.ಡಿ ಮಾಡುತ್ತಿರುವ ನಾನು ಒಂದು ವರ್ಷದಿಂದ ಕಾದಂಬರಿಗಳ ಜೊತೆಗೆ ಈ ಷರಾಗಳನ್ನೂ ಓದುತ್ತಾ ಬಂದಿದ್ದೇನೆ. ಇದು ಒಂದು ಅಧ್ಯಾಯವಾಗುತ್ತದೆ ಎಂಬ ನಂಬಿಕೆ ನನ್ನ ಮಾರ್ಗದರ್ಶಕರಿಗೆ ಇನ್ನೂ ಬಂದಿಲ್ಲ. ಸಾಹಿತ್ಯವಲ್ಲದ್ದನ್ನು ಯಾಕೆ ವಿಮರ್ಶೆ ಮಾಡಬೇಕು ಎಂಬುದು ಅವರ ಪ್ರಶ್ನೆ. ಒಂದು ಊರನ್ನು ನೋಡುವ ರೀತಿಯನ್ನೇ ಕಲಿಸಿಕೊಡುವ ಬರಹವನ್ನು ಸಾಹಿತ್ಯವಲ್ಲ ಎಂದು ಬದಿಗಿಟ್ಟರೆ ಕಳೆದುಕೊಳ್ಳುವವರು ನಾವೇ ಎಂಬುದು ನನ್ನ ವಾದ.

ಬಣಕಲ್ ಹತ್ತಿರ ನನ್ನ ಚಿಕ್ಕಮ್ಮನ ತೋಟವಿದೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಾಗ ಮಲೆನಾಡಿನ, ಕೊಡಗಿನ ಎಷ್ಟೋ ಸಣ್ಣ ಬೆಳೆಗಾರರು ಹಿಡಿದ ದಾರಿಯನ್ನೇ ಅವರೂ ಹಿಡಿದರು. ಮನೆಯ ಎರಡು ಕೋಣೆಗಳಿಂದ ಶುರುವಾಗಿ ಈಗ ತೋಟದೊಳಗೆ ಮೂರು ಕಾಟೇಜುಗಳಿವೆ. ಅಲ್ಲಿನ ಜಗಲಿಯಲ್ಲಿ ದಪ್ಪ ರಟ್ಟಿನ ನಾಲ್ಕು ಪುಸ್ತಕಗಳಿವೆ. ಅವುಗಳನ್ನು ಮೊದಲಿಂದ ಕೊನೆಯವರೆಗೆ ಓದಿದವರು ಬಹುಶಃ ನಾವಿಬ್ಬರೇ, ಚಿಕ್ಕಮ್ಮ ಮತ್ತು ನಾನು.

ಒಟ್ಟಿಗೆ ಓದಿದರೆ ಈ ಬರಹಕ್ಕೊಂದು ಗಟ್ಟಿ ವ್ಯಾಕರಣವಿರುವುದು ತಿಳಿಯುತ್ತದೆ. ಕರ್ತೃಪದ ಯಾವಾಗಲೂ ‘ನಾವು’. ಕರ್ಮಪದ ‘ವ್ಯೂ’. ಊಟ ಎಂದರೆ ‘ಮನೆ ಊಟ’, ಮಾಲೀಕರು ‘ಅಂಕಲ್, ಆಂಟಿ’, ಮಳೆ ‘ಅನುಭವ’. ದೂರುಗಳೂ ಹೆಚ್ಚುಕಡಿಮೆ ಒಂದೇ: ನೆಟ್‌ವರ್ಕ್ ಇಲ್ಲ, ಕೊನೆಯ ಎರಡು ಕಿಲೋಮೀಟರ್ ರಸ್ತೆ ಸರಿಯಿಲ್ಲ, ಬಿಸಿನೀರು ತಡ, ಇಂಬಳ ಹತ್ತಿತು. ಇಂಗ್ಲಿಷಿನಲ್ಲಿ ಬರೆಯುವವರು ಸಹಿಯ ಕೆಳಗೆ ಕಂಪನಿಯ ಹೆಸರು ಹಾಕುತ್ತಾರೆ. ಕನ್ನಡದಲ್ಲಿ ಬರೆಯುವವರು ಊರು, ತಾಲೂಕು, ಜಿಲ್ಲೆಯನ್ನೆಲ್ಲ ಬರೆದು, ಆಮೇಲೆ ಮನೆಯವರಿಗೆ ಒಳ್ಳೆಯದಾಗಲಿ ಎಂದು ಹರಸಿ ಹೋಗುತ್ತಾರೆ. ನಮ್ಮೂರಿಗೂ ಒಮ್ಮೆ ಬನ್ನಿ ಎಂದು ಕರೆದವರೂ ಇದ್ದಾರೆ. ನೆಂಟಸ್ತಿಕೆಯ ಹಳೆಯ ಭಾಷೆ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಅದಕ್ಕೆ ಹಿಂತಿರುಗಿ ಕರೆಯದೆ ಇರಲು ಬರುವುದಿಲ್ಲ.

ಆದರೆ ಈ ಪ್ರಕಾರದ ವಂಶಾವಳಿ ಹುಡುಕಿದರೆ ಅದು ನೆಂಟಸ್ತಿಕೆಯ ಕಡೆಗೆ ಹೋಗುವುದಿಲ್ಲ. ಅದು ಹೋಗಿ ಮುಟ್ಟುವುದು ಬ್ರಿಟಿಷರ ಕಾಲದ ಡಾಕ್ ಬಂಗಲೆಗಳನ್ನು. ಅಲ್ಲಿ ತಂಗಿದ ಸಾಹೇಬರು ಹೆಸರು, ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಹಣವನ್ನು ಪುಸ್ತಕದಲ್ಲಿ ನಮೂದಿಸಿ, ಖಾನಸಾಮನ ಅಡುಗೆ, ನಡತೆಗಳ ಬಗ್ಗೆ ದೂರಿದ್ದರೆ ಅದನ್ನೂ ಬರೆಯುತ್ತಿದ್ದರು. ಆ ಬರಹ ಖಾನಸಾಮನಿಗಾಗಿ ಬರೆದದ್ದಲ್ಲ, ಅವನ ಮೇಲಿನವರಿಗಾಗಿ ಬರೆದದ್ದು. ಇದರ ಜೊತೆಗೇ ಇದ್ದದ್ದು ‘ಚೀಟಿ’: ಕೆಲಸ ಬಿಡುವ ಬಟ್ಲರ್, ಆಯಾಗಳಿಗೆ ದೊರೆಗಳು ಬರೆದುಕೊಡುತ್ತಿದ್ದ ಶಿಫಾರಸು ಪತ್ರ. ಇಂಥವನು ಪ್ರಾಮಾಣಿಕ, ಅಡುಗೆ ಪರವಾಗಿಲ್ಲ ಎಂಬ ಎರಡು ಸಾಲಿನ ಮೇಲೆ ಮುಂದಿನ ಅನ್ನ ನಿಂತಿರುತ್ತಿತ್ತು. ಇವತ್ತಿನ ಐದು ನಕ್ಷತ್ರ ಆ ಚೀಟಿಯ ಮೊಮ್ಮಗ. ಭಾಷೆ ಬದಲಾಗಿ ಸಾಹೇಬನ ಗತ್ತು ಹೋಗಿದೆ, ‘ಆಂಟಿ’ ಬಂದಿದ್ದಾರೆ. ಒಬ್ಬರು ತಿಂದು ಹೋಗಿ ಬರೆಯುವುದು, ಇನ್ನೊಬ್ಬರು ಆ ಬರಹಕ್ಕೆ ಹೆದರಿ ಕೂರುವುದು ಮಾತ್ರ ಹಾಗೇ ಉಳಿದಿದೆ.

ಹೋಟೆಲು ಈ ಬರಹವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಏಷ್ಯಾದಲ್ಲೇ ಒಂದು ಹಳೆಯ, ತಮಾಷೆಯ ಉದಾಹರಣೆಯಿದೆ. ಸಿಂಗಪುರದ ರಾಫೆಲ್ಸ್ ಹೋಟೆಲು ಇವತ್ತು ಅರಮನೆಯಂತಿದ್ದರೂ 1887ರಲ್ಲಿ ಸಾರ್ಕಿಸ್ ಸಹೋದರರು ಅದನ್ನು ತೆರೆದದ್ದು ಸಮುದ್ರದಂಡೆಯ ಹತ್ತು ಕೋಣೆಗಳ ಬಂಗಲೆಯಲ್ಲಿ. ನಮ್ಮ ದೊಡ್ಡ ಹೋಮ್‌ಸ್ಟೇಗಳಷ್ಟೇ. 1889ರಲ್ಲಿ ಅಲ್ಲಿಗೆ ಹೋದ ಕಿಪ್ಲಿಂಗ್ ಊಟವನ್ನು ಹೊಗಳಿ, ಕೋಣೆಗಳನ್ನು ಅಷ್ಟೇ ಜೋರಾಗಿ ತೆಗಳಿ, ಉಣ್ಣುವುದು ಇಲ್ಲಿ ಆಗಲಿ, ಮಲಗುವುದು ಬೇರೆ ಹೋಟೆಲಿನಲ್ಲಿ ಆಗಲಿ ಎಂಬರ್ಥದಲ್ಲಿ ಬರೆದ. ಹೋಟೆಲಿನವರು ಎರಡನೇ ಅರ್ಧವನ್ನು ಕತ್ತರಿಸಿ ಮೊದಲ ಅರ್ಧವನ್ನು ಜಾಹೀರಾತು ಮಾಡಿಕೊಂಡರು. ಮುಂದೆ ಅಲ್ಲಿನ ಕೆಲವು ಕೋಣೆಗಳಿಗೆ ಲೇಖಕರ ಹೆಸರುಗಳೇ ಬಂದವು. ಬೈದು ಹೋದವನೂ ಕೊನೆಗೆ ಪೀಠೋಪಕರಣವಾದ. ಹಾಸಿಗೆ ಹಾಸಿದವರು, ಪಂಖ ಎಳೆದವರು ಆ ಹೋಟೆಲಿನ ಬಗ್ಗೆ ಏನೆಂದುಕೊಂಡರು ಎಂಬುದಕ್ಕೆ ಯಾವ ಕೋಣೆಯೂ ಇಲ್ಲ.

ನಮ್ಮ ಬೆಟ್ಟಗಳಲ್ಲಿ ಈ ಮರ್ಯಾದೆ ತೇಜಸ್ವಿಯವರಿಗೆ ಸಿಕ್ಕಿದೆ. ಮೂಡಿಗೆರೆ ಸುತ್ತಿನ ಮೂರ್ನಾಲ್ಕು ಹೋಮ್‌ಸ್ಟೇಗಳ ಗೋಡೆಯ ಮೇಲೆ ನಾನು ಅವರ ಫೋಟೊ ನೋಡಿದ್ದೇನೆ. ಒಂದರಲ್ಲಿ ಕಪಾಟಿನ ತುಂಬ ಅವರ ಪುಸ್ತಕಗಳೂ ಇದ್ದವು. ‘ಕರ್ವಾಲೊ’ ಓದಿಕೊಂಡೇ ಬೆಟ್ಟ ಹತ್ತಿ ಬರುವ ಹುಡುಗ ಹುಡುಗಿಯರು ಷರಾಗಳಲ್ಲಿ ಅದರ ಹೆಸರು ಬರೆಯುತ್ತಾರೆ. ಸಂತೋಷವೇ. ಆದರೆ 1980ರಲ್ಲಿ ಬಂದ ಆ ಕಾದಂಬರಿ ಮಾಡುವ ಕೆಲಸ, ಷರಾ ಮಾಡುವ ಕೆಲಸಕ್ಕೆ ಪೂರ್ತಿ ತಿರುಗುಮುರುಗು. ಮಂದಣ್ಣನನ್ನು ನೋಡಿ. ಊರಿನ ಲೆಕ್ಕದಲ್ಲಿ ಅವನು ಪ್ರಯೋಜನಕ್ಕೆ ಬಾರದವನು. ಕಾಡು ತೋರಿಸಲು ಜೊತೆಗೆ ಬಂದ ಹುಡುಗ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದಾದವನು. ಕರ್ವಾಲೊ ಅವನಲ್ಲಿ ಒಬ್ಬ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ಹಾರುವ ಓತಿಯನ್ನು ಕಂಡಿದ್ದವನು ಅವನು. ವಿಜ್ಞಾನಿಯೇ ಅವನ ಹಿಂದೆ ಹೋಗಬೇಕು. ಓದುಗರಾದ ನಾವು ಮಂದಣ್ಣನನ್ನು ನಗುತ್ತಲೇ ನೋಡಲು ಶುರುಮಾಡಿ, ಪುಸ್ತಕ ಮುಗಿಯುವ ಹೊತ್ತಿಗೆ ನಮ್ಮ ನಗುವಿನ ಬಗ್ಗೆಯೇ ಅನುಮಾನಪಡುತ್ತೇವೆ.

ಷರಾದಲ್ಲೂ ಮಂದಣ್ಣಂದಿರು ಬರುತ್ತಾರೆ. ಮುಂಜಾನೆ ಟ್ರೆಕ್ಕಿಂಗ್‌ಗೆ ಕರೆದುಕೊಂಡು ಹೋದ ಹುಡುಗ, ಕ್ಯಾಂಪ್‌ಫೈರಿಗೆ ಸೌದೆ ಒಟ್ಟಿದ ಅಣ್ಣ. ಹೆಸರೂ ಇರುತ್ತದೆ, ಈಚೆಗೆ ಕೆಲಸದವರೇ ಹೊರಡುವವರ ಬಳಿ, ಮೇಡಂ, ನನ್ನ ಹೆಸರೂ ಹಾಕಿ ಎಂದು ಕೇಳುವುದನ್ನು ನಾನು ಕಂಡಿದ್ದೇನೆ. ಆ ಹೆಸರಿನ ಪಕ್ಕದಲ್ಲಿ ಮಾತ್ರ ಯಾವಾಗಲೂ ಒಂದೇ ವಿಶೇಷಣ: ನಗುಮುಖ. ಅವನಿಗೆ ಗೊತ್ತಿರುವುದೇನು, ಅವನು ಯಾವ ಹಕ್ಕಿಯನ್ನು ಸದ್ದಿನಿಂದಲೇ ಗುರುತಿಸಿದ, ಇಲ್ಲಿ ಹೆಜ್ಜೆ ಇಡಬೇಡಿ ಎಂದು ಯಾಕೆ ಹೇಳಿದ ಎಂಬುದು ನಾಲ್ಕು ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ‘ಕರ್ವಾಲೊ’ದ ಕೊನೆಯಲ್ಲಿ ಇಷ್ಟು ದೂರ ಹುಡುಕಿಕೊಂಡು ಬಂದವರ ಕೈಗೆ ಓತಿ ಸಿಗುವುದಿಲ್ಲ, ಕಣಿವೆಯ ಕಡೆಗೆ ತೇಲಿ ಹೋಗಿಬಿಡುತ್ತದೆ. ಷರಾದ ಭಾಷೆಯಲ್ಲಿ ಹೇಳುವುದಾದರೆ ಅವರಿಗೆ ಕೊಟ್ಟ ದುಡ್ಡು ವಸೂಲಾಗಲಿಲ್ಲ. ಮಂಜು ಮುಚ್ಚಿ ಮುಳ್ಳಯ್ಯನಗಿರಿಯಿಂದ ಏನೂ ಕಾಣಲಿಲ್ಲ ಎಂದು ನಕ್ಷತ್ರ ಕಡಿಮೆ ಮಾಡಿದವರ ಬರಹ ಓದುವಾಗಲೆಲ್ಲ ನನಗೆ ಆ ಕೊನೆಯ ಪುಟಗಳು ನೆನಪಾಗುತ್ತವೆ.

ಮಳೆಯ ವಿಷಯದಲ್ಲಿ ನನಗೆ ಸಿಟ್ಟೂ ಇದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳು ಜಾರಿದವು. ಮಲೆಮನೆಯಂಥ ಊರಿನಲ್ಲಿ ಮನೆ, ತೋಟಗಳು ಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಚಿಕ್ಕಮ್ಮನ ಪುಸ್ತಕದಲ್ಲಿ ಆ ಜುಲೈಗೂ ಆ ಅಕ್ಟೋಬರಿಗೂ ನಡುವೆ ಇರುವುದು ಒಂದು ಖಾಲಿ ಗೆರೆ. ಜುಲೈಯವರಿಗೆ ಮಳೆ ಮಾಂತ್ರಿಕ, ಅಕ್ಟೋಬರಿನವರಿಗೆ ಹಸಿರು ಮಾಂತ್ರಿಕ. ಬಂದವರು ತಪ್ಪು ಬರೆದರು ಎಂದಲ್ಲ, ಅವರು ಕಂಡದ್ದನ್ನೇ ಬರೆದಿದ್ದಾರೆ. ಅವರಿಗೆ ಅದನ್ನು ಹೇಳಬಾರದೆಂದು ಮನೆಯವರೇ ತೀರ್ಮಾನಿಸಿದ್ದರು. ಹೇಳಿದರೆ ಬುಕಿಂಗ್ ನಿಲ್ಲುತ್ತದೆ. ಈ ಬರಹಕ್ಕೆ ತನ್ನ ಓದುಗರ ಮೇಲಿರುವಷ್ಟೇ ಹಿಡಿತ, ತಾನು ಯಾರ ಬಗ್ಗೆ ಬರೆಯುತ್ತದೋ ಅವರ ಬಾಯಿಯ ಮೇಲೂ ಇದೆ.

ಮನೆಯೇ ಷರಾಕ್ಕೆ ತಕ್ಕಂತೆ ತನ್ನನ್ನು ಬರೆದುಕೊಳ್ಳುತ್ತದೆ. ಹೋಮ್‌ಸ್ಟೇ ನೋಂದಣಿಯ ಮೂಲ ಆಶಯ ಮಾಲೀಕರ ಕುಟುಂಬ ಅಲ್ಲೇ ವಾಸವಾಗಿರಬೇಕು ಎಂಬುದು. ವಾಸವಾಗಿರುವುದನ್ನು ತೋರಿಸುತ್ತಲೂ ಇರಬೇಕು ಎಂಬುದನ್ನು ಯಾವ ನಿಯಮವೂ ಹೇಳಿಲ್ಲ, ಅದನ್ನು ಅತಿಥಿ ಪುಸ್ತಕ ಕಲಿಸಿತು. ಬಚ್ಚಲಿನಲ್ಲಿ ಮಸಿ ಹಿಡಿದು ಕೂತಿದ್ದ ತಾಮ್ರದ ಹಂಡೆ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಜಗಲಿಗೆ ಬಂದಿದೆ. ಒಮ್ಮೆ ನಾನು ಕಡುಬಿಗೆ ಹಿಟ್ಟು ಕಟ್ಟುತ್ತಿದ್ದ ಚಿಕ್ಕಮ್ಮನಿಗೆ ಒಂದು ಷರಾ ಓದಿ ಹೇಳಿದೆ. ಅವರು ನಕ್ಕುಬಿಟ್ಟರು. “ಮನೆ ಊಟ ಅಂತ ಬರೀತಾರಲ್ಲ, ನಮ್ಮನೇಲಿ ದಿನಾ ಆರು ಬಗೆ ಯಾರು ಮಾಡ್ತಾರೆ? ಅವ್ರು ಹೋದ್ಮೇಲೆ ನಾವು ಅನ್ನ, ನಿನ್ನೆ ಸಾರು ತಿನ್ನೋದು.” ಆಮೇಲೆ ದನಿ ತಗ್ಗಿಸಿ, “ಹಂಗಂತ ಬಿಡಕ್ಕಾಗುತ್ತಾ? ನಿನ್ನ ತಂಗಿ ಇಂಜಿನಿಯರಿಂಗ್ ಓದಿದ್ದು ಇದೇ ದುಡ್ಡಲ್ಲಿ” ಎಂದರು. ನನ್ನ ಸಿಟ್ಟಿಗೆ ಈ ಮಾತು ಒಂದು ಮಿತಿ ಹಾಕಿದೆ, ಹಾಕಬೇಕು ಕೂಡ.

ಅವತ್ತು ಓದಿದ ಷರಾ ಆಂಟಿಯ ಕೈಯ ಅಕ್ಕಿರೊಟ್ಟಿಯನ್ನು ಕೊಂಡಾಡಿತ್ತು. ರೊಟ್ಟಿ ತಟ್ಟಿದ್ದು ಚಿಕ್ಕಮ್ಮ ಅಲ್ಲ. ಲೈನ್ ಮನೆಯಲ್ಲಿರುವ, ಅಸ್ಸಾಮಿನಿಂದ ಬಂದು ಮೂರು ವರ್ಷವಾದ ಒಬ್ಬ ಹೆಂಗಸು. ಅಕ್ಕಿರೊಟ್ಟಿಯನ್ನು ಇಲ್ಲಿಗೆ ಬಂದ ಮೇಲೇ ಕಲಿತವರು. ನಮ್ಮ ಮಲೆನಾಡಿನ ‘ಅಪ್ಪಟ ರುಚಿ’ಯನ್ನು ಕಾಪಾಡುತ್ತಿರುವುದು ಆ ಕೈಗಳು ಎಂಬುದು ಆ ಪುಟದಲ್ಲಿ ಬರಲು ಸಾಧ್ಯವೇ ಇಲ್ಲ. ಯಾಕೆಂದರೆ ಬರೆಯುವವರು ಅಡುಗೆಮನೆಯ ಬಾಗಿಲು ದಾಟಿಲ್ಲ.

ಹಾಗಾದರೆ ಮನೆಯವರು ಬರೆಯುವುದೇ ಇಲ್ಲವೇ? ಬರೆಯುತ್ತಾರೆ. ಅಂತರ್ಜಾಲದಲ್ಲಿ ದೂರಿನ ಕೆಳಗೆ ‘ಮಾಲೀಕರ ಉತ್ತರ’ ಎಂದು ಒಂದು ಜಾಗವಿದೆ. ಚಿಕ್ಕಮ್ಮನ ಪರವಾಗಿ ಅಲ್ಲಿ ತಂಗಿ ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಅವಳು ಬರೆದದ್ದನ್ನೆಲ್ಲ ಒಂದೆಡೆ ಇಟ್ಟು ಓದಿದೆ: ರಸ್ತೆಗೆ ಕ್ಷಮೆ, ಇಂಬಳಕ್ಕೆ ಕ್ಷಮೆ, ಕರೆಂಟಿಗೆ ಕ್ಷಮೆ, ಒಂದು ಕಡೆ ಮಂಜಿಗೂ ಕ್ಷಮೆ. ಈ ಇಡೀ ವಾಙ್ಮಯದಲ್ಲಿ ಬೆಟ್ಟದವರಿಗೆ ಬಿಟ್ಟುಕೊಟ್ಟಿರುವ ಒಂದೇ ಸಾಹಿತ್ಯ ಪ್ರಕಾರ ಕ್ಷಮಾಪಣೆ.

ಇದೇ ಬೆಟ್ಟಸಾಲಿನಲ್ಲಿ ಕಳಸದಿಂದ ಮುಂದೆ ಹೊರನಾಡಿದೆ. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಕೈ ತೊಳೆದು ಎದ್ದು ಹೋಗುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾಯಿತೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಉಂಡವರಿಗೂ ಹೇಳಬೇಕು ಅನ್ನಿಸುವುದಿಲ್ಲ. ಆ ವ್ಯವಸ್ಥೆಗೂ ಅದರದೇ ಮೇಲುಕೀಳುಗಳ ಚರಿತ್ರೆ ಇರಬಹುದು. ಅದು ಬೇರೆ ಲೇಖನ. ಉಂಡವರ ಅಭಿಪ್ರಾಯವಿಲ್ಲದೆಯೂ ಊಟ ನಡೆಯುತ್ತದೆ ಎಂಬುದಷ್ಟೇ ಇಲ್ಲಿ ನನಗೆ ಬೇಕಾದದ್ದು.

ಇನ್ನೊಂದು ಬಗೆಯ ವಸತಿಯೂ ಈ ಬೆಟ್ಟಗಳಲ್ಲಿತ್ತು, ಇದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕೆಲಸಗಾರರಿಗೆ ವಸತಿ ಒದಗಿಸುವುದನ್ನು ತೋಟದ ಮಾಲೀಕರ ಹೊಣೆಯಾಗಿಸಿತು. ಅದಕ್ಕೂ ಮೊದಲಿನಿಂದ ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಕರೆತಂದವರು ಲೈನ್‌ಗಳಲ್ಲಿ ಇದ್ದರು. ಕಾಫಿ ಬೆಟ್ಟಗಳಲ್ಲಿ ಎರಡು ರಾತ್ರಿಯಲ್ಲ, ಎರಡು ತಲೆಮಾರು ತಂಗಿದ ಹೊರಗಿನವರು ಇವರು. ಅವರ ಲೆಕ್ಕ ರೈಟರ್‌ನ ಚೆಕ್‌ರೋಲಿನಲ್ಲಿ ಇರುತ್ತದೆ. ಹೆಸರು, ಹಾಜರಿ, ಮುಂಗಡ. ಅಲ್ಲಿ ಷರಾದ ಕಾಲಮ್ಮು ಇದ್ದರೂ ಬರೆಯುವವರು ಅವರಲ್ಲ.

ಚಿಕ್ಕಮ್ಮನ ಮೂರನೇ ಪುಸ್ತಕದಲ್ಲಿ ಒಂದು ಪುಟವಿದೆ. ಬರೆದವರು ವಯಸ್ಸಾದ ಗಂಡಸು, ಬೆಳ್ತಂಗಡಿ ಕಡೆಯವರು. ಒಬ್ಬರೇ ಬಂದು ಒಂದು ರಾತ್ರಿಯ ಬಾಡಿಗೆ ಪೂರ್ತಿ ಕೊಟ್ಟು, ಬೆಳಿಗ್ಗೆ ತಿಂಡಿಗೂ ನಿಲ್ಲದೆ ಹೋದರಂತೆ. ಕನ್ನಡದಲ್ಲಿ, ನೀಲಿ ಶಾಯಿಯಲ್ಲಿ, ಅರ್ಧ ಪುಟ. ಅದರಲ್ಲಿ ವಂದನೆ ಇಲ್ಲ, ಹೊಗಳಿಕೆ ಇಲ್ಲ, ದೂರೂ ಇಲ್ಲ. ಈಗ ಕಾಟೇಜುಗಳಿರುವ ಜಾಗದಲ್ಲಿ ಆರು ಬಾಗಿಲಿನ ಲೈನ್ ಇತ್ತು, ಮೂರನೆಯದು ತಮ್ಮದು. ಈಗ ಸ್ನಾನದ ಮನೆ ಇರುವಲ್ಲಿ ತಾಯಿಯ ಒಲೆ ಇತ್ತು. ಹಿಂದಿನ ಹಲಸಿನ ಮರ ಇಲ್ಲ. ಲೈನಿನವರೆಲ್ಲ ಸರದಿಯಲ್ಲಿ ಅರೆಯುತ್ತಿದ್ದ ಕಲ್ಲು ಈಗ ಬಾಗಿಲ ಬಳಿ ಹೂಕುಂಡದ ಅಡಿಯಲ್ಲಿದೆ. ಇಷ್ಟು ಬರೆದು, ತಾವು ಅಲ್ಲಿದ್ದ ವರ್ಷಗಳನ್ನು ಹಾಕಿ, ಸಹಿ ಮಾಡಿದ್ದಾರೆ. ನಾಲ್ಕು ಪುಸ್ತಕಗಳಲ್ಲಿ ಕಾಟೇಜಿನ ಒಳಗನ್ನು ನಿಜವಾಗಿ ನೋಡಿ ಬರೆದ ಷರಾ ಇದೊಂದೇ ಎಂದು ನಾನು ಎಣಿಸುತ್ತೇನೆ. ‘ನಾವು’ ಎಂಬ ಪದ ಅದರಲ್ಲೂ ಇದೆ, ಬೇರೆಯ ಅರ್ಥದಲ್ಲಿ.

ಚಿಕ್ಕಮ್ಮ ಅದನ್ನು ಓದಿದ್ದು ಅವರು ಹೋಗಿ ಎರಡು ದಿನವಾದ ಮೇಲೆ. ಹೂಕುಂಡವನ್ನು ಅವತ್ತೇ ಪಕ್ಕಕ್ಕೆ ಇಡಿಸಿದರಂತೆ. ಕಲ್ಲನ್ನು ಎಲ್ಲಿಡಬೇಕೆಂದು ತೋಚದೆ, ಅದೀಗ ಕಾಫಿ ಕಣದ ಮೂಲೆಯಲ್ಲಿದೆ.