ಹಿಮ್ಮೇಳದ ಪ್ರಶ್ನೆ: ದರೋಜಿಯ ಬುರ್ರಕಥೆ ಮತ್ತು ಆಫ್ರಿಕನ್-ಅಮೆರಿಕನ್ ಸ್ಪಿರಿಚುವಲ್ ಗೀತೆಗಳು

ಮೌಖಿಕ ಪರಂಪರೆಯ ಹಾಡು ತನ್ನ ನೆಲೆಯನ್ನು ಬಿಟ್ಟು ವೇದಿಕೆಗೋ ಮುದ್ರಣಕ್ಕೋ ಬಂದಾಗ ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಕಳೆದುಹೋಗುತ್ತದೆ ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಪಠ್ಯದ ನೆಲೆಯಿಂದಲೇ ಉತ್ತರ ಹುಡುಕಲಾಗಿದೆ. ಎಷ್ಟು ಸಾಲುಗಳು ದಾಖಲಾದವು, ಯಾವ ಪಾಠ ಹೆಚ್ಚು ಪೂರ್ಣ ಎಂಬ ವಿಚಾರಗಳಿಗೆ ದೊರೆತ ಗಮನ, ಹಾಡುವವರ ಹಿಂದೆ ನಿಂತು ದನಿಗೂಡಿಸುವವರಿಗೆ ದೊರೆತಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆಯನ್ನು, ವಾದ್ಯಗಳಿಲ್ಲದೆ ಪುರುಷಮೇಳಗಳು ಹಾಡುತ್ತ ಬಂದ ಆಫ್ರಿಕನ್-ಅಮೆರಿಕನ್ ಸ್ಪಿರಿಚುವಲ್ ಗೀತೆಗಳ ಎದುರಿಗಿಟ್ಟು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಎರಡು ಪರಂಪರೆಗಳ ನಡುವಣ ಅಂತರವನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಂದು ಅಮೆರಿಕದ ದಕ್ಷಿಣ ಸೀಮೆಯ ತೋಟಗಳಲ್ಲಿ ಗುಲಾಮಗಿರಿಯ ಅಡಿಯಲ್ಲಿ ರೂಪುಗೊಂಡ ಭಕ್ತಿಗೀತೆ. ಇನ್ನೊಂದು ಊರೂರು ಅಲೆಯುತ್ತ ಕಥೆ ಹಾಡಿ ಬದುಕಿದ ಬುಡ್ಗಜಂಗಮ ಸಮುದಾಯದ ದೀರ್ಘ ಕಥನ. ದಕ್ಷಿಣ ಕೆರೊಲಿನಾದಲ್ಲಿ 1739ರ ಗುಲಾಮರ ದಂಗೆಯ ನಂತರ, 1740ರ ಕಾಯಿದೆಯು ಕರಿಯರು ಡೋಲು ಬಳಸುವುದನ್ನು ನಿಷೇಧಿಸಿತು. ವಾದ್ಯ ಕಸಿದುಕೊಂಡವರಿಗೆ ಅಂಗೈ, ಪಾದ ಮತ್ತು ಉಸಿರೇ ಲಯವಾದವು. ಬುರ್ರಕಥೆಯಾದರೋ ವಾದ್ಯದ ಹೆಸರನ್ನೇ ತನ್ನ ಹೆಸರಾಗಿ ಉಳ್ಳದ್ದು. ಆದರೆ ಇವೆರಡರ ರಚನೆಯ ತಳದಲ್ಲಿರುವುದು ಒಂದೇ ತತ್ತ್ವ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ತುಂಬಿಕೊಡುತ್ತಾರೆ.

ಸ್ಪಿರಿಚುವಲ್‌ಗಳ ಮೊದಲ ಪ್ರಮುಖ ಸಂಕಲನ 1867ರಲ್ಲಿ ಪ್ರಕಟವಾಯಿತು. ವಿಲಿಯಂ ಫ್ರಾನ್ಸಿಸ್ ಅಲೆನ್, ಚಾರ್ಲ್ಸ್ ವೇರ್ ಮತ್ತು ಲೂಸಿ ಮೆಕಿಮ್ ಗ್ಯಾರಿಸನ್ ಸಂಪಾದಿಸಿದ ಈ ಕೃತಿಯಲ್ಲಿ 136 ಹಾಡುಗಳಿವೆ. ತಾವು ಕೇಳಿದ್ದನ್ನು ಸ್ವರಲಿಪಿಯಲ್ಲಿ ಹಿಡಿಯಲಾಗುತ್ತಿಲ್ಲವೆಂದು ಸಂಪಾದಕರು ಪ್ರಸ್ತಾವನೆಯಲ್ಲಿಯೇ ಒಪ್ಪಿಕೊಂಡರು. ಮುಂದಾಳು ಸಾಲನ್ನು ಆಗಿಂದಾಗಲೇ ಕಟ್ಟುತ್ತಾನೆ. ಉಳಿದವರು ಪಲ್ಲವಿಗೆ ಸೇರಿಕೊಳ್ಳುತ್ತಾರೆ. ಯಾರೂ ಗೊತ್ತುಮಾಡಿದ ಶ್ರುತಿಭಾಗವನ್ನು ಹಾಡುವುದಿಲ್ಲ, ಆದರೂ ಯಾವ ಇಬ್ಬರೂ ಒಂದೇ ತೆರನಾಗಿ ಹಾಡುವುದಿಲ್ಲ ಎಂಬುದು ಅವರು ಗಮನಿಸಿದ ಸಂಗತಿ. ಹಿಮ್ಮೇಳವೆಂಬುದು ಮುಂದಾಳಿನ ಪ್ರತಿಧ್ವನಿಯಲ್ಲ, ಅದು ಸ್ವತಂತ್ರ ಸೃಷ್ಟಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿದ್ಯಾಸಂಸ್ಥೆಯ ಒಂಬತ್ತು ವಿದ್ಯಾರ್ಥಿಗಳು ಸಂಸ್ಥೆಗೆ ಹಣ ಕೂಡಿಸಲೆಂದು ಹಾಡುತ್ತ ಹೊರಟರು. ಹೆಣ್ಣು ಗಂಡು ಕೂಡಿದ್ದ ಆ ಮೇಳದ ಮೂಲಕ ಸ್ಪಿರಿಚುವಲ್ ಕಛೇರಿಯ ವೇದಿಕೆಗೆ ಬಂದಿತು. 1909ರಲ್ಲಿ ಅದೇ ಸಂಸ್ಥೆಯ ನಾಲ್ವರು ಪುರುಷರು ಜಾನ್ ವರ್ಕ್ ಅವರ ನೇತೃತ್ವದಲ್ಲಿ ವಿಕ್ಟರ್ ಕಂಪನಿಗಾಗಿ ಧ್ವನಿಮುದ್ರಣ ಮಾಡಿದರು. ಮುಂದೆ ಕರಿಯರ ಕಾಲೇಜುಗಳ ಪುರುಷಮೇಳಗಳು ಈ ಶೈಲಿಯನ್ನು ಬೆಳೆಸಿದವು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ 1911ರಲ್ಲಿ ಆರಂಭವಾದ ಮೇಳ ಇವುಗಳಲ್ಲಿ ಮುಖ್ಯವಾದುದು. ಮಂದ್ರದಿಂದ ತಾರದವರೆಗೆ ನಾಲ್ಕು ಭಾಗಗಳಾಗಿ ಹಂಚಿಕೊಂಡ ಗಂಡುದನಿಗಳು ವಾದ್ಯದ ನೆರವಿಲ್ಲದೆ ಒಂದರ ಮೇಲೊಂದು ನಿಲ್ಲುವ ಈ ಗಾಯನಕ್ಕೆ ವಿಶೇಷವಾದ ಗಾಂಭೀರ್ಯವಿದೆ. ಆದರೆ ಇಲ್ಲಿ ಯಾರು ಯಾವಾಗ ಏನನ್ನು ಹಾಡಬೇಕೆಂಬುದು ಮೊದಲೇ ಬರೆದಿಟ್ಟದ್ದು. ತೋಟದ ಹಾಡಿನಲ್ಲಿ ಎಲ್ಲಿಂದ ಬೇಕಾದರೂ ಏಳಬಹುದಾಗಿದ್ದ ದನಿ ಇಲ್ಲಿ ಏಳಲಾರದು.

ಸ್ವತಃ ಜಾನಪದ ಸಂಗ್ರಾಹಕಿಯಾಗಿದ್ದ ಕರಿಯ ಲೇಖಕಿ ಜೋರಾ ನೀಲ್ ಹರ್ಸ್ಟನ್ 1934ರ ತಮ್ಮ ಪ್ರಬಂಧದಲ್ಲಿ ಇದನ್ನೇ ಆಕ್ಷೇಪಿಸಿದರು. ಕಛೇರಿಯಲ್ಲಿ ಕೇಳಿಬರುವುದು ಸ್ಪಿರಿಚುವಲ್ ಅಲ್ಲ, ಅದನ್ನು ಆಧರಿಸಿದ ಬೇರೊಂದು ಸಂಗೀತ; ನಿಜವಾದ ಸ್ಪಿರಿಚುವಲ್ ಪ್ರತಿ ಸಲವೂ ಹೊಸದಾಗಿ ಹುಟ್ಟುವ ಸಮೂಹದ ಅಭಿವ್ಯಕ್ತಿ ಎಂಬುದು ಅವರ ವಾದದ ಸಾರ. ಈ ವಾದವನ್ನು ಅರ್ಧ ಮಾತ್ರ ಒಪ್ಪಬಹುದು. ಪುರುಷಮೇಳಗಳು ಹಾಡಿನ ಸ್ವಾತಂತ್ರ್ಯವನ್ನು ಕಳೆದದ್ದು ನಿಜ. ಆದರೆ ಹಾಡು ಹಲವರದು ಎಂಬ ಅರಿವನ್ನು ಅವು ಕಳೆಯಲಿಲ್ಲ. ಕೇಳುವವನ ಕಿವಿಗೆ ಇಂದಿಗೂ ಬೀಳುವುದು ಒಂದು ಸಮುದಾಯದ ದನಿಯೇ.

ಈ ಹಿನ್ನೆಲೆಯಲ್ಲಿ ದರೋಜಿಯತ್ತ ನೋಡಬೇಕು. ಬುರ್ರಕಥೆ ಈರಮ್ಮ (1930-2014) ಅಕ್ಷರ ಕಲಿಯದೆ ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಲ್ಲಿಟ್ಟು ಹಾಡಿದವರು. ಅವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಸಂದವು. ಅವರು ಹಾಡುತ್ತಿದ್ದ ಕುಮಾರರಾಮನ ಕಥೆಯ ನೆಲ ದರೋಜಿಗೆ ದೂರದ್ದಲ್ಲ. 1327ರ ಸುಮಾರಿಗೆ ದೆಹಲಿಯ ಸೇನೆಗೆ ಸೋತ ಕಂಪಿಲಿ ರಾಜ್ಯದ ಹೆಸರು ಇಂದಿನ ಕಂಪ್ಲಿಯಲ್ಲಿ ಉಳಿದಿದೆ. ಸೋತ ಅರಸುಮಗನನ್ನು ಶತಮಾನಗಳ ಕಾಲ ಜನರ ನಾಲಿಗೆಯಲ್ಲಿ ಬಾಳಿಸಿದವರಲ್ಲಿ ಹೊಲಮನೆಗಳಿಲ್ಲದೆ ಅಲೆದ ಇಂಥ ಗಾಯಕರೂ ಸೇರಿದ್ದಾರೆ ಎಂಬುದು ಗಮನಾರ್ಹ.

ಈರಮ್ಮನವರ ಕಾವ್ಯಸಂಪತ್ತು ಮುದ್ರಣದಲ್ಲಿ ಏಳು ಸಾವಿರ ಪುಟಗಳಷ್ಟಾಗುತ್ತದೆ ಎಂಬ ಲೆಕ್ಕವನ್ನು ಅಭಿಮಾನದಿಂದ ಉಲ್ಲೇಖಿಸಲಾಗುತ್ತದೆ. ಅಭಿಮಾನ ಸಹಜವೇ. ಆದರೆ ಹಾಡನ್ನು ಪುಟದಿಂದ ಅಳೆಯುವ ಈ ಕ್ರಮದಲ್ಲಿಯೇ ನಮ್ಮ ಅಧ್ಯಯನದ ಮಿತಿಯೂ ಅಡಗಿದೆ. ಬುರ್ರಕಥೆ ಒಬ್ಬರಿಂದ ಆಗುವ ಕೆಲಸವಲ್ಲ. ಮುಖ್ಯ ಗಾಯಕಿ ತಂತಿವಾದ್ಯ ಮೀಟುತ್ತ ಸೊಲ್ಲು ಎತ್ತಿದರೆ, ಪಕ್ಕದವರು ಚರ್ಮವಾದ್ಯ ನುಡಿಸುತ್ತ ಆ ಸೊಲ್ಲಿನ ಕೊನೆಯನ್ನು ಹಿಡಿಯುತ್ತಾರೆ. ಆ ಕ್ಷಣದಲ್ಲಿ ಮುಂದಾಳಿಗೆ ಉಸಿರು ದೊರೆಯುತ್ತದೆ, ಮುಂದಿನ ಸಾಲು ನೆನಪಿಗೆ ಬರುತ್ತದೆ. ಮಾತಿನ ಭಾಗದಲ್ಲಿ ಅವರೇ ಪ್ರಶ್ನೆ ಕೇಳಿ ಕಥೆಯನ್ನು ತಿರುಗಿಸುತ್ತಾರೆ, ಕೇಳುಗರ ಪರವಾಗಿ ಅಚ್ಚರಿಪಡುತ್ತಾರೆ. ರಾತ್ರಿಯಿಡೀ ಸಾಗುವ ಕಥನದ ನೆನಪಿನ ಶಕ್ತಿ ಒಬ್ಬರ ತಲೆಯೊಳಗೆ ಮಾತ್ರವಿಲ್ಲ, ಈ ಕೊಡುಕೊಳೆಯಲ್ಲಿಯೂ ಇದೆ.

ನಮ್ಮ ಜನಪದ ಕಾವ್ಯಗಳನ್ನು ಮುದ್ರಿಸುವಾಗ ಹಿಮ್ಮೇಳದ ಪುನರುಕ್ತಿಯನ್ನು ಆರಂಭದಲ್ಲಿ ಒಮ್ಮೆ ಸೂಚಿಸಿ ಮುಂದೆ ಬಿಟ್ಟುಬಿಡುವುದು ರೂಢಿ. ಓದುಗನಿಗೆ ಅನುಕೂಲವಾಗಲೆಂದು, ಕಾಗದದ ಮಿತಿಯಿಂದ ಹೀಗೆ ಮಾಡಲಾಗುತ್ತದೆ. ಪರಿಣಾಮವಾಗಿ ಮಂಟೇಸ್ವಾಮಿಯನ್ನು ಹಾಡುವ ನೀಲಗಾರರ ಮೇಳವಾಗಲಿ, ದರೋಜಿಯ ಹೆಣ್ಣುಮಕ್ಕಳ ಮೇಳವಾಗಲಿ ಪುಸ್ತಕದಲ್ಲಿ ಒಂಟಿದನಿಯ ಕವಿಯಾಗಿ ಮಾರ್ಪಡುತ್ತದೆ. ಪ್ರಶಸ್ತಿ ಕೂಡ ಒಂದೇ ಹೆಸರಿಗೆ ಸಲ್ಲುತ್ತದೆ. ಅಮೆರಿಕದ ಪುರುಷಮೇಳ ಹಲವು ದನಿಗಳನ್ನು ಉಳಿಸಿಕೊಂಡು ಅವುಗಳ ಬಿಡುಬೀಸನ್ನು ಕಳೆದುಕೊಂಡಿತು. ನಾವು ಮುಂದಾಳಿನ ಮಾತನ್ನು ಉಳಿಸಿಕೊಂಡು ಉಳಿದ ದನಿಗಳನ್ನೇ ಕಳೆದುಕೊಂಡೆವು. ಎರಡೂ ಅರ್ಧ ಸಂರಕ್ಷಣೆಗಳೇ. ಆದರೆ ನಮ್ಮದು ಹೆಚ್ಚಿನ ನಷ್ಟವೆಂದು ಹೇಳಬೇಕಾಗುತ್ತದೆ. ಬರೆದಿಟ್ಟ ಮೇಳವನ್ನು ಮುಂದಿನ ತಲೆಮಾರು ಮತ್ತೆ ಸಡಿಲಿಸಿ ಹಾಡಬಹುದು. ದಾಖಲಾಗದ ದನಿಯನ್ನು ಯಾರೂ ಮರಳಿ ಕಟ್ಟಲಾರರು.

ಸಂಪಾದಕರನ್ನು ಹಳಿಯುವುದು ಇಲ್ಲಿನ ಆಶಯವಲ್ಲ. ಅವರ ಶ್ರಮವಿಲ್ಲದಿದ್ದರೆ ಈ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಆದರೆ ಇಂದು ಧ್ವನಿಯನ್ನು ಪಠ್ಯದೊಂದಿಗೆ ಸೇರಿಸಿ ಪ್ರಕಟಿಸುವುದು ಕಷ್ಟವಲ್ಲ. ಹಿಮ್ಮೇಳದವರ ಹೆಸರನ್ನು ಮುಖ್ಯ ಗಾಯಕರ ಹೆಸರಿನೊಂದಿಗೆ ಮುಖಪುಟದಲ್ಲಿ ಕೊಡುವುದು, ಅವರು ದನಿಗೂಡಿಸುವ ತಾಣಗಳನ್ನು ಪಠ್ಯದಲ್ಲಿ ಗುರುತಿಸುವುದು, ಗೌರವ ಸಂಭಾವನೆಗಳನ್ನು ಮೇಳಕ್ಕೆ ಸಲ್ಲಿಸುವುದು, ಕಲಿಸುವಾಗಲೂ ವ್ಯಕ್ತಿಯನ್ನಲ್ಲದೆ ಮೇಳವನ್ನು ತಯಾರು ಮಾಡುವುದು ಆಗಬೇಕಾದ ಕೆಲಸಗಳು. 1867ರ ಸಂಪಾದಕರು ತಮಗೆ ಹಿಡಿಯಲಾಗದ್ದು ಏನೆಂದಾದರೂ ಬರೆದಿಟ್ಟಿದ್ದರಿಂದಲೇ ಇಂದು ನಾವು ಆ ಹಾಡಿನ ಸ್ವರೂಪವನ್ನು ಊಹಿಸಬಲ್ಲೆವು. ಕನ್ನಡದ ಸಂಪಾದಿತ ಸಂಪುಟಗಳು ಕನಿಷ್ಠ ಅಷ್ಟನ್ನಾದರೂ ದಾಖಲಿಸಿದರೆ, ದರೋಜಿಯಲ್ಲಿ ಈರಮ್ಮನವರ ಪಕ್ಕದಲ್ಲಿ ಕುಳಿತು ಹಾಡಿದವರಿಗೂ ಆ ಕಾವ್ಯದಲ್ಲಿ ಪಾಲಿದೆಯೆಂಬುದು ಮುಂದಿನ ಸಂಶೋಧಕರಿಗೆ ತಿಳಿದೀತು.